ಹಸಿರು ಮನುಷ್ಯನ ಓಟ

ತೈವಾನಿನ ನಮ್ಮ ಊರಿನ ನಗರಸಭೆಯಲ್ಲಿ ಏನೇ ಚರ್ಚೆಗೆ ಬರಲಿ, ಸದಸ್ಯ ತ್ಸೆಂಗ್ ಕೊನೆಗೆ ಬಂದು ನಿಲ್ಲುವುದು ಮಾರುಕಟ್ಟೆ ಮುಂದೆ ಜನ ರಸ್ತೆ ದಾಟುವ ಸಿಗ್ನಲ್ಲಿಗೇ. ಹೊಸ ಫೈರ್ ಎಂಜಿನ್ನಿಗೆ ಹಣ ಕೇಳಿದರೂ, ಕಸದ ಗಾಡಿಯ ಹಾಡು ಬದಲಿಸಬೇಕೆಂದರೂ, ಟೋಪಿ ತೆಗೆದು ಏಳುತ್ತಾರೆ. "ಮಾಡೋಣ, ಬೇಡ ಅಂದೋರ್ಯಾರು? ಆದ್ರೆ ಆ ದೀಪದೊಳಗಿನ ಹಸಿರು ಮನುಷ್ಯ ಮೊದ್ಲು ನಡೀತಾನೆ, ಹೊತ್ತು ಮುಗೀತಾ ಬಂದ್ರೆ ಓಡ್ತಾನೆ. ನಮ್ಮ ಮುದುಕೀರು ಓಡ್ತಾರಾ?" "ತ್ಸೆಂಗಣ್ಣ, ಮುಂದಿನ ಚುನಾವಣೆಗೆ ಅವನನ್ನೇ ನಿಲ್ಲಿಸಿಬಿಡಿ" ಎಂದು ಅಧ್ಯಕ್ಷೆ ಶ್ಯಾವ್ ಕೆಣಕುತ್ತಾರೆ. ತ್ಸೆಂಗ್ ಕೂಡ ನಗುತ್ತಾರೆ, ಕೂರುವುದಿಲ್ಲ. ಒಮ್ಮೆ ಸಭೆಯೊಳಗೇ ಕೋಲೂರಿಕೊಂಡು ಮುದುಕಿಯ ಹಾಗೆ ನಡೆದು, ಅರ್ಧಕ್ಕೇ ನಿಂತು, "ಕೆಂಪು ಬಿತ್ತು, ನಾನು ಸತ್ತೆ" ಎಂದರು. ಹೋದ ತಿಂಗಳು ಎಲ್ಲರೂ ಸೋತು ಒಪ್ಪಿಗೆಯ ಕೈ ಎತ್ತಿದರು. ಹಸಿರು ದೀಪ ಹೆಚ್ಚು ಹೊತ್ತು ಉರಿಯತೊಡಗಿತು. ಈಗ ಬೆಳಗ್ಗೆ ತ್ಸೆಂಗ್ ಸೋಯಾ ಹಾಲು ತರಲು ಅಲ್ಲೇ ದಾಟುತ್ತಾರೆ. ಗಟ್ಟಿಮುಟ್ಟಾದ ಆಳು, ಬೇಕೆಂದರೆ ಒಂದೇ ಉಸಿರಿಗೆ ಆಚೆ ಮುಟ್ಟಬಹುದು. ಆದರೂ ನಿಧಾನ ನಡೆಯುತ್ತಾರೆ, ಯಾರೋ ಹಿಡಿದುಕೊಂಡಿರುವಂತೆ ಎಡತೋಳು ಮಡಚಿ. ಕಾಲಿನ ಶಕ್ತಿ ಕುಂದಿದ ಮೇಲೆ ಹೆಂಡತಿ ಮೇಚಿನ್ ಆ ತೋಳನ್ನೇ ಹಿಡಿದು ಅಲ್ಲಿ ದಾಟುತ್ತಿದ್ದಳು, ದಿನವೂ ಹೆದರಿಕೊಂಡೇ. ಅವಳು ಕಾಯಿಲೆಯಲ್ಲಿ ತೀರಿಕೊಂಡು ಎರಡು ವರ್ಷವಾಯಿತು. "ನಿಧಾನಕ್ಕೆ ಬಾರೇ, ಇನ್ನೂ ಹೊತ್ತಿದೆ" ಎನ್ನುತ್ತಾರೆ ತ್ಸೆಂಗ್. ಅವರು ಆಚೆ ದಡ ಮುಟ್ಟಿದಾಗಲೂ ಹಸಿರು ಮನುಷ್ಯ ಇನ್ನೂ ನಡೆಯುತ್ತಲೇ ಇರುತ್ತಾನೆ.