ಮರಿಲಿಂಗನ ನಿಲ್ಲದ ಯಂತ್ರ

ಶಹಾಪುರದಾಚೆ, ಕಾಲುವೆಯ ನೀರು ಧುಮುಕುವ ಕಡೆ, ಒಂದು ಪುಟ್ಟ ವಿದ್ಯುತ್ ಘಟಕವಿದೆ. ಅದರ ಯಂತ್ರ ನಡೆಸುವವನು ಮರಿಲಿಂಗ. ಸುರಪುರದ ಕಡೆಯ ಹೊಳೆದಂಡೆಯವನು, ಮೀನು ಹಿಡಿಯುವವರ ಮನೆತನ. ಕಟ್ಟಡಕ್ಕೆ ಕಲ್ಲು ಹೊರಲು ಬಂದವನು ಯಂತ್ರದ ಸದ್ದಿಗೆ ಮರುಳಾಗಿ ಅಲ್ಲೇ ಉಳಿದುಬಿಟ್ಟ. ಮೂಗಿನ ತುದಿಯಲ್ಲೇ ಸಿಟ್ಟಿರುವ ಈ ಮನುಷ್ಯ ಯಂತ್ರದ ಮುಂದೆ ಮಾತ್ರ ಬೆಣ್ಣೆ. "ನನ್ನ ಸವತಿ ಆರಾಮ ಅದಾಳೇನು?" ಎಂದು ಹೆಂಡತಿ ಗೊಲ್ಲಾಳಮ್ಮ ಕಾಡಿಸುತ್ತಾಳೆ. ಅವನಿಗೆ ಒಳಗೊಳಗೇ ಖುಷಿ.

ಈ ವರ್ಷ ಕಾಲುವೆ ಬಂದ್ ಆದಾಗ ಯಾದಗಿರಿಯಿಂದ ಕಂಪನಿಯ ಎಂಜಿನಿಯರ್ ಗುರುದೇವಿ ತಪಾಸಣೆಗೆ ಬಂದಳು. ವರ್ಷವರ್ಷ ಹುಟ್ಟಿದ ವಿದ್ಯುತ್ತನ್ನೂ, ಯಂತ್ರ ಓಡಿತೆಂದು ಮರಿಲಿಂಗ ತಿಳಿಸಿದ ತಾಸುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ ನಿಟ್ಟುಸಿರು ಬಿಟ್ಟಳು.

"ಅಣ್ಣಾ, ಕಾಲುವಿ ನೀರು ಅಷ್ಟೇ ಅದ, ಮಷಿನ್ ಒಂದು ತಾಸೂ ನಿಂತಿಲ್ಲ. ಆದ್ರೂ ಕರೆಂಟು ಇಳ್ಯಾಕತ್ತದ. ಅಂದ್ರ ಮಷಿನ್ನೇ ಸವದದ. ಬಿಚ್ಚಿ ರಿಪೇರಿ ಮಾಡ್ಸೋ ಖರ್ಚಿಗೆ ಕಂಪನಿ ಒಪ್ಪಂಗಿಲ್ಲ. ಗುಜರಿಗೆ ಹಾಕ್ರಿ ಅಂತ ಬರೀಬೇಕಾಗ್ತದ."

ಮರಿಲಿಂಗ ತಿರುಗಿ ಯಂತ್ರದ ಕಡೆ ನೋಡಿದ.

ಒಂದು ತಾಸೂ ನಿಂತಿಲ್ಲವೆಂಬುದು ಸುಳ್ಳು, ಯಂತ್ರ ನಿಂತಿತ್ತು. ವರ್ಷ ಹೋದಂತೆ ಕಾಲುವೆಯಲ್ಲಿ ಜೊಂಡು ಹೆಚ್ಚಾಗಿ, ಯಂತ್ರಕ್ಕೆ ನೀರು ಹೋಗುವ ಬಾಯಿಯ ಜಾಲರಿಗೆ ಬಿಗಿದು, ನೀರು ಒಳಬಾರದೆ ಮತ್ತೆ ಮತ್ತೆ ನಿಂತಿತ್ತು. ಅವನು ಎದೆಮಟ್ಟ ನೀರಿಗಿಳಿದು ಕಿತ್ತು, ಮತ್ತೆ ಚಾಲೂ ಮಾಡಿ, ತುಟಿಪಿಟಕ್ಕೆನ್ನದೆ ಇರುತ್ತಿದ್ದ. ಅವನ ಮನೆಯಲ್ಲಿ ದೀಪ ಆರಿತು ಅನ್ನುವ ಹಾಗಿಲ್ಲ, ಶಾಂತವಾಯಿತು ಅನ್ನಬೇಕು. ಅಂಥ ಮನೆಯವನು, ಊರೂರಿಗೆ ಬೆಳಕು ಕೊಡುವ ಯಂತ್ರ ನಿಂತಿತೆಂದು ಹೇಗೆ ಬರೆದಾನು? ಕೆಟ್ಟದ್ದನ್ನು ಆಡಿದರೆ ಅದೇ ತಗಲುತ್ತದೆಂದು ಅವನ ನಂಬಿಕೆ. ಈಗ ನೋಡಿದರೆ ಅವನ ಮುಚ್ಚಟೆಯೇ ಯಂತ್ರದ ಕುತ್ತಿಗೆಗೆ ಬಂದಿತ್ತು.

"ನಿಂತಿತ್ರಿ ಮೇಡಂ," ಎಂದ. "ಭಾಳ ಸಲ ನಿಂತದ. ಜೊಂಡು ಸಿಕ್ಕೊಂಡು. ನಾನೇ ತಿಳಿಸಲಿಲ್ಲ. ಅದರದೇನೂ ತಪ್ಪಿಲ್ರಿ."

ಗುರುದೇವಿ ಪೆನ್ನು ಕೆಳಗಿಟ್ಟಳು. "ಜಾಲರಿ ಬದಲಿ ಮಾಡಿದ್ರ ಮುಗೀತಿತ್ತಲ್ಲಣ್ಣಾ! ಈಗ ನಾ ಖರೇ ಬರದ್ರ, ಸುಳ್ಳು ಲೆಕ್ಕ ಕೊಟ್ಟಾನಂತ ನಿಮ್ಮನ್ನ ತೆಗೀತಾರ. ಗೊತ್ತದ ಏನು?"

ಗೊತ್ತಿತ್ತು. ಹೆದರಿಕೆಯೂ ಆಗಿತ್ತು. ಈ ವಯಸ್ಸಿನಲ್ಲಿ ಇನ್ನೆಲ್ಲಿಯ ಕೆಲಸ? ಮನೆಗೆ ಹೋಗಿ ಏನೆಂದು ಮುಖ ತೋರಿಸುವುದು?

"ಬರೀರಿ," ಎಂದ. ಆಮೇಲೆ ತಡೆಯಲಾರದೆ ಕೇಳಿದ: "ಅದನ್ನ ಇಟ್ಕೋತಾರಲ್ರಿ?"