ಮುಖಂಡರ ಟಿವಿ ಮುಂದೆ ಅಪ್ಪನ ಅರ್ಜಿ

ಬೆಟಗೇರಿಯ ನಮ್ಮ ಓಣಿಗೆ ಇದ್ದದ್ದು ಒಂದೇ ಟಿವಿ. ಅದೂ ವಾರ್ಡಿನ ಮುಖಂಡರ ಮನೆಯ ಪಡಸಾಲೆಯಲ್ಲಿ. ಎಂಬತ್ತರ ದಶಕದ ನಡುವೆ ವಾರಕ್ಕೊಂದು ಸಂಜೆ ಅದರಲ್ಲಿ ಹಿಂದಿ ಹಾಸ್ಯ ಧಾರಾವಾಹಿ ಬರುತ್ತಿತ್ತು, ಲಂಚಕೋರ ಮಂತ್ರಿಯೊಬ್ಬನ ಕಥೆ. ನಮಗೆ ಹಿಂದಿ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಬಳೆಗಾರ ಚಾಚಾ ಮಾತು ಮಾತಿಗೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಅವರು ಹೇಳಿದ ಕೂಡಲೇ ನಗುವ ಹಾಗಿರಲಿಲ್ಲ. ಮೊದಲು ಮುಖಂಡರು ನಗಬೇಕು, ಆಮೇಲೆ ನಾವು. ಯಾರೂ ಮಾಡದ ಕಾನೂನು, ಎಲ್ಲರೂ ಪಾಲಿಸುತ್ತಿದ್ದೆವು.

ನನಗಾಗ ಹದಿನೆಂಟು. ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಅಪ್ಪ ಸೀರೆ ನೇಯುತ್ತಿದ್ದ. ನಮ್ಮದು ಕುಣಿಮಗ್ಗ, ನೆಲ ಅಗೆದು ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥದ್ದು. ಬಾಡಿಗೆ ಮನೆ, ಮಾಲೀಕ ಬಿಡಿ ಎಂದಿದ್ದ. ಪಾತ್ರೆ ಪಡಗ ಹೊತ್ತುಕೊಂಡು ಹೋಗಬಹುದು, ಕುಣಿ ಹೊತ್ತುಕೊಂಡು ಹೋಗಲು ಬರುತ್ತದೆಯೇ? ಬೇರೆ ಬಾಡಿಗೆ ಮನೆಯ ನೆಲ ಅಗೆಯಲು ಯಾರು ಬಿಡುತ್ತಾರೆ? ಸರ್ಕಾರ ಕಟ್ಟಿಸಿದ ನೇಕಾರರ ಕಾಲೊನಿಯಲ್ಲಿ ಒಂದು ಮನೆ ಸಿಗದಿದ್ದರೆ ಅಪ್ಪನ ನೇಯ್ಗೆ ಮುಗಿದ ಹಾಗೆ. ಆ ಮನೆಗಾಗಿ ಬರೆದ ಅರ್ಜಿ ಮುಖಂಡರ ಕೈ ಸೇರಿ ವರ್ಷವಾಗಿತ್ತು. ಜೊತೆಗೆ ಅಪ್ಪ ನೇಯ್ದ ಸೀರೆಯೂ ಹೋಗಿತ್ತು. "ನಿನ್ನ ಕೆಲಸ ಆತು ಅಂತ ತಿಳ್ಕೋ," ಎಂದಿದ್ದರು.

ಧಾರಾವಾಹಿಯ ಒಂದು ಸಂಜೆ ಮುಖಂಡರ ಹೆಂಡತಿ ಅದೇ ಸೀರೆ ಉಟ್ಟು ಎಲ್ಲರಿಗೂ ಚುರಮುರಿ ಹಂಚಿದರು. ಟಿವಿಯಲ್ಲಿ ಬಡವನೊಬ್ಬ ಮಂತ್ರಿಗೆ ಅರ್ಜಿ ಕೊಟ್ಟ. ಮಂತ್ರಿ ಅದನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಳ್ಳುತ್ತ ಏನೋ ಅಂದ.

ಚಾಚಾ ಬಿಡಿಸಿದರು: "ನಿನ್ನ ಕೆಲಸ ಆತು ಅಂತ ತಿಳ್ಕೋ, ಹೋಗು, ಅನ್ನಾಕತ್ತಾನ್ರಿ."

ಎಲ್ಲರೂ ಮುಖಂಡರ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನಮ್ಮ ಮುಖಂಡರ ಕೈ ಹೆಗಲಿನ ಕಡೆ ಹೋಗಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾಳ ಕಳ್ಳ ಅದಾನಲೇ ಇಂವಾ!" ಆಗ ಎಲ್ಲರೂ ನಕ್ಕರು.

ಅಪ್ಪ ಮಾತ್ರ ಎದ್ದು ನಿಂತು ಕೈ ಮುಗಿದ. ಕೇಳುವ ಹೊತ್ತೇ ಅದು? "ಯಜಮಾನ್ರ, ಹಂಗಾದ್ರ ನಮ್ಮ ಮನಿದು ಏನಾತ್ರಿ? ಮಾಲಕರು ಮಗ್ಗ ಕೀಳ್ರಿ ಅನ್ನಾಕತ್ತಾರ."

ಮುಖಂಡರು ಅವನನ್ನು ನೋಡಿದರು, ಟಿವಿ ನೋಡಿದರು. "ನೋಡ್ರಲೇ! ಟಿವಿಯಾಗಿನವನಕಿಂತ ಇಂವನ ಚಲೋ ಪಾರ್ಟು ಮಾಡ್ತಾನ!"

ಜನ ಬಿದ್ದು ಬಿದ್ದು ನಕ್ಕರು. ಚಾಚಾ ತಲೆ ತಗ್ಗಿಸಿದರು. ಮುಗಿದ ಕೈ ಹಾಗೆಯೇ ಇಟ್ಟುಕೊಂಡು ಅಪ್ಪ ನನ್ನತ್ತ ತಿರುಗಿದ. ನಾನೂ ನಗುತ್ತಿದ್ದೆ. ಥೂ ನನ್ನ ಬಾಯಿಗೆ.

ಮನೆಗೆ ಬರುವಾಗ ಅಪ್ಪ, "ಚುರಮುರಿ ಭಾಳ ಖಾರ ಆಗಿದ್ವು," ಅಂದ. ನಾನು ಹೂಂ ಅಂದೆ.

ತಿಂಗಳೊಳಗೆ ಮಗ್ಗ ಕಿತ್ತೆವು. ಕುಣಿಗೆ ನಾನು ಮಣ್ಣು ಸುರಿದೆ, ಅಪ್ಪ ತುಳಿದು ಗಟ್ಟಿ ಮಾಡಿದ. ಆಗಲೂ ನನಗೆ ಅಳು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಎದೆಯೊಳಗೆ ಏನೂ ಅಲ್ಲಾಡುವುದೇ ಇಲ್ಲ. ಅಪ್ಪ ಹತ್ತಿ ಗೋದಾಮಿನ ಕಾವಲಿಗೆ ಹೋದ, ಅಲ್ಲೇ ಮುದುಕನಾದ. ನೀನ್ಯಾಕೆ ನಕ್ಕೆ ಎಂದು ಸಾಯುವ ತನಕ ಒಂದು ಸಲವೂ ಕೇಳಲಿಲ್ಲ.