ಒಂಬತ್ತು ಫೂಟಿನ ಬಾಗಿಲು

ನನ್ನ ಕಾಲು ಮುರಿಯದಿದ್ದರೆ ಈ ಗೀಳು ಹತ್ತುತ್ತಿರಲಿಲ್ಲ. ಮಸ್ಕಿಯ ಬಸ್ ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸಿಗೆ ಓಡುವಾಗ ಜಾರಿ ಬಿದ್ದು, ಪ್ಲಾಸ್ಟರ್ ಹಾಕಿಸಿಕೊಂಡು ಆರು ವಾರ ಮನೆಯಲ್ಲಿ ಕುಳಿತೆ. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತೆಯಾಗಿರುವ ನನಗೆ ಹಗಲು ಹೊತ್ತು ಮನೆಯಲ್ಲಿ ಕೂತು ಅಭ್ಯಾಸವಿಲ್ಲ. ಗಂಡ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರು, ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿ. ಟಿ.ವಿ. ನೋಡಿ ನೋಡಿ ಬೇಸರವಾಗಿ, ಒಂದು ದಿನ ಖಾಲಿಯಾದ ಮಾತ್ರೆ ಡಬ್ಬಿಯನ್ನು ಬಿಚ್ಚಿ, ಕತ್ತರಿಸಿ, ನಿಲ್ಲಿಸಿದೆ. ಅದು ಗೋಡೆಯಾಯಿತು. ಗೋಡೆಗೊಂದು ಕಿಟಕಿ ಕೊರೆದೆ. ಕೊರೆದ ಮೇಲೆ ನೋಡಿದರೆ ಅದು ನಮ್ಮ ಕ್ಯಾಂಪಿನ ಕ್ವಾರ್ಟರ್ಸಿನ ಕಿಟಕಿಯಾಗಿತ್ತು.

ಅಪ್ಪ ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿದ್ದರು. ಸಿಂಧನೂರು ತಾಲೂಕಿನ ಕಾಲುವೆ ದಂಡೆಯ ಒಂದು ಕ್ಯಾಂಪಿನಲ್ಲಿ ಸಾಲಾಗಿ ಎಂಟು ಮನೆ, ಮೂರನೆಯದು ನಮ್ಮದು. ಹತ್ತನೇ ತರಗತಿ ಮುಗಿಯುವವರೆಗೂ ನಾನು ಬೆಳೆದದ್ದು ಅಲ್ಲೇ. ಅಪ್ಪ ಈಗಿಲ್ಲ. ಆ ಸಾಲನ್ನೂ ಕೆಡವಿ ಬಹಳ ವರ್ಷಗಳಾದವು. ನಮ್ಮ ಮನೆಯ ಒಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ. ಫೋಟೋ ತೆಗೆಸಿಕೊಳ್ಳಲು ನಾವು ಊರಿನ ಸ್ಟುಡಿಯೋಗೆ ಹೋಗುತ್ತಿದ್ದೆವು, ಹಿಂದೆ ಬಣ್ಣದ ಪರದೆ ಇರುತ್ತಿತ್ತು.

ಕಾಲು ಕೂಡಿಕೊಂಡರೂ ಕೈ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಇಡೀ ಮನೆ ಎದ್ದು ನಿಂತಿತು. ಒಂದು ಮೊಳಕ್ಕಿಂತ ಚಿಕ್ಕದು. ಮೇಲ್ಛಾವಣಿ ಎತ್ತಿದರೆ ಒಳಗೆ ಅಪ್ಪ ಮಲಗುತ್ತಿದ್ದ ಕಬ್ಬಿಣದ ಕಾಟು, ಅಡಿಗೆಮನೆಯ ಒಲೆ, ಗೋಡೆಯ ಗೂಡಿನಲ್ಲಿ ಕಂದೀಲು. ಅದನ್ನು ಅಲಮಾರಿಯ ಮೇಲೆ ಹಳೆಯ ದುಪ್ಪಟಿ ಮುಚ್ಚಿ ಇಟ್ಟಿದ್ದೆ. ಬಂದವರು ಕೇಳಿದರೆ ಮಗಳು ಶಾಲೆಗೆ ಮಾಡಿದ್ದು ಎನ್ನುತ್ತಿದ್ದೆ. ನಲವತ್ತೇಳು ವರ್ಷದ ಹೆಂಗಸು ಆಟಿಕೆ ಮಾಡುತ್ತಾಳೆ ಎಂದು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಆ ಸುಳ್ಳು ಸಿಂಧನೂರಿನ ಸ್ಟೇಷನರಿ ಅಂಗಡಿಯಲ್ಲಿ ಮಾತ್ರ ನಡೆಯಲಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಕೇಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಬಿಳಿ ಮೀಸೆಯ ಹಿರಿಯರೊಬ್ಬರು ತಿರುಗಿ ನೋಡಿದರು.

"ಏನ್ ಮಾಡಾಕತ್ತೀರಿ ಅಕ್ಕಾರ?"

"ಮಗಳದೊಂದು ಪ್ರಾಜೆಕ್ಟ್ ಐತ್ರೀ."

"ಪ್ರಾಜೆಕ್ಟಿಗೆ ಯಾರೂ ಅರ್ಧ ಎಂ.ಎಂ. ಶೀಟ್ ಕೇಳಂಗಿಲ್ರಿ," ಎಂದು ನಕ್ಕರು. "ನಾ ಡ್ರಾಯಿಂಗ್ ಮಾಸ್ತರ ಇದ್ದೆ. ಈಗ ರಿಟೈರ್. ನಮ್ದೊಂದು ಸಣ್ಣ ಸಂಘ ಐತಿ. ನಿಮ್ಮಂಥಾವ್ರ ಅದಾರ."

ನನ್ನಂಥವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಏಳು ಜನ. ಪ್ರತಿ ತಿಂಗಳ ಎರಡನೇ ಭಾನುವಾರ ಮಾಸ್ತರರ ಮನೆಯ ಮೇಲಿನ ಕೋಣೆಯಲ್ಲಿ ಸೇರುತ್ತಾರೆ. ಎಲ್ಲರೂ ಬಸ್ಸು, ವಿಮಾನ, ರೈಸ್‌ಮಿಲ್ಲು ಹೀಗೆ ಏನಾದರೊಂದರ ಸಣ್ಣ ಮಾದರಿ ಮಾಡುವವರು. ಹೊಸಬರು ಒಂದು ಸಲ ತಮ್ಮ ಮಾದರಿ ತಂದು ತೋರಿಸಬೇಕು, ಎಲ್ಲರೂ ಅದನ್ನು ನೋಡಿ ತಪ್ಪು ಒಪ್ಪು ಹೇಳುತ್ತಾರೆ. ಆಮೇಲೆ ಸೇರುವುದು ಬಿಡುವುದು ಅವರವರ ಮರ್ಜಿ. ಹೊರಡುವಾಗ ನನ್ನ ಫೋನ್ ನಂಬರು ಬರೆದುಕೊಂಡರು.

ಮಸ್ಕಿಗೆ ಹಿಂದಿರುಗುವ ಬಸ್ಸಿನಲ್ಲಿ ತಪ್ಪು ಒಪ್ಪು ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಕಚೇರಿಯಲ್ಲಿ ನನ್ನ ಕಡತಗಳಲ್ಲಿ ತಪ್ಪು ಹುಡುಕುವವರಿಗೆ ಕೊರತೆಯಿಲ್ಲ, ಅದು ನನಗೆ ತಾಗುವುದೂ ಇಲ್ಲ. ಆದರೆ ಈ ಮನೆಯಲ್ಲಿ ಯಾರಾದರೂ ತಪ್ಪು ಹುಡುಕಿದರೆ? ಅದನ್ನು ನಾನು ಟೇಪು ಹಿಡಿದು ಮಾಡಿದ್ದಲ್ಲ. ಕಣ್ಣು ಮುಚ್ಚಿ, ನೆನಪಾದಂತೆ ಮಾಡಿದ್ದು. ಅಳತೆ ತಪ್ಪಾಗಿದ್ದರೆ ನನ್ನ ನೆನಪೇ ತಪ್ಪು ಎಂದಾಗುತ್ತದೆ. ಹಾಗಾದರೆ ಉಳಿದದ್ದೇನು?

ಗಂಡನಿಗೆ ಹೇಳಿದೆ. ಅವರು ಬೂಟಿನ ಲೇಸು ಬಿಚ್ಚುತ್ತ ಕೇಳಿಸಿಕೊಂಡರು.

"ಮನ್ಯಾಗ ಕುಂತು ಮಾಡಾಕತ್ತೀಯಲ್ಲ, ಖುಷಿಯಾಗೇ ಅದೀ. ಮತ್ತ ಸಂಘ ಯಾಕ ಬೇಕು?"

"ಅದ ನನಗೂ ತಿಳಿವಲ್ದು ನೋಡ್ರಿ."

"ನಮ್ಮ ಹುಡುಗರ್ನ ನೋಡೀನಿ. ಓಣ್ಯಾಗ ಚಲೋ ಆಡತಾರ. ಟೀಮಿಗೆ ತಗೊಂಡ್ರ ಕಾಲು ನಡುಗತಾವ. ಕೆಲವ್ರು ಆಟಾನ ಬಿಟ್ಟುಬಿಡ್ತಾರ."

ಅವರು ನನ್ನನ್ನು ತಡೆಯಲು ಹೇಳಿದ್ದಲ್ಲ. ಕಂಡದ್ದು ಹೇಳಿದರು, ಅಷ್ಟೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಆ ತಿಂಗಳ ಎರಡನೇ ಭಾನುವಾರ ತಲೆನೋವು ಎಂದು ಹೋಗಲಿಲ್ಲ. ನಿಜವಾಗಿಯೂ ತಲೆ ನೋಯುತ್ತಿತ್ತು. ಮುಂದಿನ ತಿಂಗಳು ಮಾಸ್ತರರೇ ಫೋನು ಮಾಡಿದರು. "ಬರ್ರೆವಾ, ನಾವೇನು ತಿನ್ನಂಗಿಲ್ಲ," ಎಂದರು. ಮಾದರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹತ್ತಿ ತುಂಬಿ, ಬಸ್ಸು ಹತ್ತಿದೆ. ಕಂಡಕ್ಟರ್ "ಕೇಕ್ ಏನ್ರಿ?" ಎಂದು ಕೇಳಿದ. ಹೌದು ಎಂದೆ.

ಮಾಸ್ತರರ ಮೇಲಿನ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಉದ್ದನೆಯ ಮೇಜು. ಏಳೂ ಜನ ಗಂಡಸರು. ಅವರಲ್ಲಿ ಇಬ್ಬರು ಮಾತ್ರ ನನಗೆ ಈಗಲೂ ಆ ದಿನದಂತೆ ಕಾಣುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು, ಯುದ್ಧವಿಮಾನಗಳನ್ನು ಮಾಡುವವರು. ಇನ್ನೊಬ್ಬರು ಬಸ್ ಡ್ರೈವರು, ತಾವು ಓಡಿಸಿದ ಪ್ರತಿಯೊಂದು ಬಸ್ಸನ್ನೂ ತಗಡಿನಲ್ಲಿ ಮಾಡುವವರು. ಡ್ರೈವರರ ಬಸ್ಸಿನ ಹಿಂದಿನ ಗಾಜಿನಲ್ಲಿ ಒಂದು ಬಿರುಕು ಕೂಡ ಇತ್ತು. "ಆ ಗಾಡೀಗೆ ಇತ್ರಿ ಅದು," ಎಂದರು.

ಪೆಟ್ಟಿಗೆ ತೆರೆದು, ಇದು ಕಾಲುವೆ ಕ್ಯಾಂಪಿನ ನಮ್ಮ ಕ್ವಾರ್ಟರ್ಸು ಎಂದೆ. ಡ್ರೈವರರು ಮುಂದೆ ಬಗ್ಗಿ ಕಂದೀಲು ನೋಡಿದರು. ಮಾಸ್ತರರು ಸ್ಟೀಲಿನ ಅಳತೆಪಟ್ಟಿ ತೆಗೆದರು.

"ಇದರಾಗ ಯಾವುದರ ಅಳತಿ ನಿಮಗ ಪಕ್ಕಾ ಗೊತ್ತೈತ್ರಿ?"

"ಕಾಟು. ಅಪ್ಪಂದು. ಈಗೂ ನಮ್ಮ ತಮ್ಮನ ಮನ್ಯಾಗ ಐತಿ. ಆರು ಫೂಟು."

ಅವರು ಮೊದಲು ಕಾಟು ಅಳೆದರು, ಆಮೇಲೆ ಬಾಗಿಲು. ಕಾಗದದ ಮೇಲೆ ಏನೋ ಗೀಚಿದರು.

"ಕಾಟು ಆರು ಫೂಟ್ ಆದ್ರ, ಬಾಗ್ಲ ಒಂಬತ್ತು ಫೂಟ್ ಆಗತೈತಿ ನೋಡ್ರಿ."

"ಕಾಲುವಿ ಕೆಲಸದವ್ರ ಕ್ವಾರ್ಟರ್ಸಿಗೆ ಒಂಬತ್ತು ಫೂಟಿನ ಬಾಗ್ಲೇನ್ರಿ?" ಹಲ್ಲಿನ ಡಾಕ್ಟರು ನಕ್ಕರು. "ಆನಿ ಕಟ್ಟತಿದ್ರೇನು?"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ತಮ್ಮೊಳಗೆ ಒಬ್ಬರನ್ನೊಬ್ಬರು ನಗುವಂಥದ್ದೇ. ನನಗೆ ಮಾತ್ರ ಮುಖ ಕಾದ ಹಂಚಾಯಿತು.

"ಅಷ್ಟು ದೊಡ್ಡದ ಇತ್ರಿ," ಎಂದೆ. ನನ್ನ ದನಿ ನನಗೇ ಎತ್ತರವಾಗಿ ಕೇಳಿಸಿತು. "ನಾ ಅಲ್ಲೇ ಹದಿನಾರು ವರ್ಷ ಇದ್ದೆ. ನಿಮಗೇನು ಗೊತ್ತು?"

ನಗು ನಿಂತಿತು. ಮಾಸ್ತರರು ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಯಾರೋ ಚಹಾ ತಂದರು. ಅದನ್ನು ಅರ್ಧ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಮೆಟ್ಟಿಲಿಳಿಯುವಾಗ ಡ್ರೈವರರು ಹಿಂದೆ ಬಂದರು.

"ಅಕ್ಕಾರ, ದಢೇಸುಗೂರಿನ ಕಡಿ ಕಾಲುವಿ ದಂಡಿಗೆ ಅಂಥದ್ದ ಒಂದು ಸಾಲು ಇನ್ನಾ ನಿಂತೈತಿ. ನಾ ದಿನಾ ಅದರ ಮುಂದ ಗಾಡಿ ಹೊಡದೀನಿ. ಬೇಕಾದ್ರ ನೋಡ್ರಿ."

ನಾನು ಪೆಟ್ಟಿಗೆ ಹಿಡಿದು ಇಳಿದುಬಿಟ್ಟೆ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಬಸ್ಸಿನಲ್ಲಿ ನಿರ್ಧಾರ ಮಾಡಿದೆ.

ನಿರ್ಧಾರ ಮಾಡಿದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದುಪ್ಪಟಿ ಎತ್ತಿದರೆ ಬೇರೆ ಏನೂ ಕಾಣದೆ ಬಾಗಿಲೊಂದೇ ಕಾಣುತ್ತಿತ್ತು. ಕಚೇರಿಯಲ್ಲಿ ಬಾಗಿಲ ಮೂಲಕ ಬರುವವರ ತಲೆಗೂ ಚೌಕಟ್ಟಿಗೂ ಎಷ್ಟು ಅಂತರ ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಹತ್ತು ದಿನ ಕಳೆದು, ಒಂದು ರಜೆಯ ದಿನ ಗಂಡನಿಗೆ "ದಢೇಸುಗೂರಿನ ತನಕ ಹೋಗಿ ಬರೂನೇನ್ರಿ?" ಎಂದೆ. ಅವರು ಯಾಕೆಂದು ಕೇಳಲಿಲ್ಲ, ಶಾಲೆಯಲ್ಲಿ ಓಟದ ಗೆರೆ ಹಾಕಲು ಬಳಸುವ ಟೇಪನ್ನು ಜೇಬಿಗೆ ಹಾಕಿಕೊಂಡು ಬೈಕು ತೆಗೆದರು.

ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆ ನಾಟಿ ಮುಗಿದ ಭತ್ತದ ಗದ್ದೆ. ಡ್ರೈವರರು ಹೇಳಿದಂತೆ ಸಾಲು ನಿಂತಿತ್ತು, ಖಾಲಿ, ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಅದೇ ಕಲ್ಲಿನ ಗೋಡೆ, ಅದೇ ಗೂಡು, ಇಲಾಖೆ ಎಲ್ಲ ಕ್ಯಾಂಪಿಗೂ ಒಂದೇ ನಕ್ಷೆ ಬಳಸಿತ್ತು. ನಾನು ಗಾಡಿಯಿಂದ ಇಳಿಯದೆ ಕೂತೆ.

"ಇಳಿ," ಎಂದರು ಗಂಡ. "ಇಷ್ಟು ದೂರ ಬಂದು ಹಂಗ ಹೋಗ್ತೀಯೇನು?"

ಮೂರನೇ ಮನೆಯ ಬಾಗಿಲಿಗೆ ಟೇಪು ಹಿಡಿದೆವು. ಐದು ಮುಕ್ಕಾಲು ಫೂಟು. ನಾನು ಮತ್ತೆ ಹಿಡಿಯಲು ಹೇಳಿದೆ. ಐದು ಮುಕ್ಕಾಲೇ. ಗಂಡ ಒಳಗೆ ಹೋಗಲು ತಲೆ ಬಗ್ಗಿಸಬೇಕಾಯಿತು. ಅಡಿಗೆಮನೆ ಅಳೆದೆವು. ಅಗಲ ನಾಲ್ಕು ಫೂಟು, ಉದ್ದ ಆರೂವರೆ. ನನ್ನ ಮಾದರಿಯಲ್ಲಿ ಅದು ಅದರ ಎರಡು ಪಟ್ಟಿಗಿಂತ ದೊಡ್ಡದಿತ್ತು, ಒಲೆಯ ಮುಂದೆ ನಾವು ಮೂರೂ ಜನ ಮಕ್ಕಳು ಕೂತು ಊಟ ಮಾಡುವಷ್ಟು ಜಾಗ ಬಿಟ್ಟಿದ್ದೆ. ಒಲೆ ಇದ್ದ ಜಾಗದ ಮುಂದೆ ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ. ಬೆನ್ನಿಗೆ ಗೋಡೆ ಹತ್ತಿತು. ಎದುರಿಗೆ ಮೊಣಕಾಲಿಗೆ ಒಲೆಯ ಕಟ್ಟೆ.

ಅಲ್ಲಿಂದ ನೇರ ಸಿಂಧನೂರಿಗೆ, ತಮ್ಮನ ಮನೆಗೆ ಹೋದೆವು. ಅವ್ವ ಅಲ್ಲಿದ್ದಾಳೆ. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎರಡು ವರ್ಷ ಅವಳಿಗೂ ಮಾದರಿಯ ಸುದ್ದಿ ಹೇಳಿರಲಿಲ್ಲ. ಆ ಹೊತ್ತು ಎಲ್ಲ ಹೇಳಿದೆ. ಮಾಡಿದ್ದು, ಸಂಘಕ್ಕೆ ಹೋದದ್ದು, ನಕ್ಕದ್ದು, ಅಳೆದದ್ದು.

"ಅಡಿಗಿಮನಿ ಸಣ್ಣದಿತ್ತು ಅಂತ ನಿನಗ ಈಗ ಗೊತ್ತಾತೇನು?" ಎಂದಳು. "ಹದಿನಾರು ವರ್ಷ ಅಲ್ಲೇ ಉಂಡಿಯಲ್ಲ."

"ಬಾಗ್ಲ ಬಾಳ ಎತ್ತರ ಇತ್ತು ಅನಸ್ತಿತ್ತು ಯವ್ವಾ."

"ನಿನಗ ಅನಸ್ತಿತ್ತು. ನಾ ಬಿಂದಿಗಿ ಹೊತ್ಕೊಂಡು ಒಳಗ ಬರಾಕ ಆಗತಿದ್ದಿಲ್ಲ. ಹೊಸ್ತಿಲಾಗ ಕೆಳಗಿಟ್ಟು, ಬಗ್ಗಿ ಒಳಗ ಬಂದು, ಮತ್ತ ಎತ್ತತಿದ್ದೆ. ದಿನಾ ಎಂಟು ಬಿಂದಿಗಿ. ಬಸುರಿದ್ದಾಗೂ ಅಷ್ಟ." ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಹೊರಗೆಸೆದಳು. "ಒಂದು ದಿನ ನೀನ ಬಿಂದಿಗಿ ಉರುಳಿಸಿದಿ. ಹೊಡದಿದ್ದೆ ನಿನಗ."

ನನಗೆ ಆ ಏಟು ನೆನಪಿತ್ತು. ಏಟು ಬಿದ್ದದ್ದು ಯಾಕೆ ಎಂಬುದು ನೆನಪಿರಲಿಲ್ಲ. ಅವ್ವ ಸಿಟ್ಟಿನ ಹೆಂಗಸು ಎಂದು ನಾನು ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೇನೆ. ಒಂದು ಮೊರ ತೆಗೆದುಕೊಂಡು ನಾನೂ ಅಕ್ಕಿ ಆರಿಸಲು ಕೂತೆ.

"ಮತ್ತ ಹೋಗ್ತೀಯೇನು ಅವ್ರ ಹಂತ್ಯಾಕ?" ಅವಳು ಕೇಳಿದಳು.

"ಹೆದರಿಕಿ ಆಗತೈತಿ ಯವ್ವಾ. ಮತ್ತೊಂದು ತಪ್ಪು ತೆಗೀತಾರ."

"ತೆಗೀಲಿ. ನನ್ನ ಕೇಳಿದ್ರ ನಾನೂ ತೆಗೀತಿದ್ದೆ. ನೀ ಕೇಳಲಿಲ್ಲ."

ನಾನು ಅವತ್ತೇ ನಿರ್ಧಾರ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಮುಂದಿನ ಎರಡನೇ ಭಾನುವಾರವೂ ಹೋಗಲಿಲ್ಲ. ಆ ತಿಂಗಳೆಲ್ಲ ಹೊಸ ಮನೆಯ ಗೋಡೆಗಳನ್ನು ಕತ್ತರಿಸಿದೆ, ಈ ಸಲ ಟೇಪಿನ ಅಳತೆಗೆ. ಅಡಿಗೆಮನೆಯ ಗೋಡೆ ಅಂಟಿಸುವಾಗ ನನ್ನ ಬೆರಳೇ ಒಳಗೆ ತಿರುಗಲಿಲ್ಲ, ಚಿಮಟದಿಂದ ಒಲೆ ಇಡಬೇಕಾಯಿತು. ಹಳೆಯದನ್ನು ಕೆಡವಲಿಲ್ಲ. ಕೆಡವಬೇಕೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ.

ಅದರ ಮುಂದಿನ ತಿಂಗಳು ಮಾಸ್ತರರಿಗೆ ನಾನೇ ಫೋನು ಮಾಡಿದೆ. ನನ್ನ ಬಾಗಿಲು ತಪ್ಪಿತ್ತು ಎಂದು ಹೇಳಿದೆ. ಅವರು "ಬಾಗ್ಲ ತಪ್ಪಿರಬೌದು, ನಾವು ನಕ್ಕಿದ್ದೂ ತಪ್ಪ ಬಿಡ್ರಿ," ಎಂದರು.

ಛಾವಣಿಯಿಲ್ಲದ ಅರ್ಧ ಮನೆಯನ್ನು ಒಯ್ದೆ. ಮಾಸ್ತರರು ಅದೇ ಪಟ್ಟಿ ತೆಗೆದು ಬಾಗಿಲು ಅಳೆದು ತಲೆಯಾಡಿಸಿದರು. ಆಮೇಲೆ ಮೆಟ್ಟಿಲು ತುಸು ಎತ್ತರವಾಯಿತು ಎಂದರು. ಪೆನ್ನು ತೆಗೆದು ಬರೆದುಕೊಂಡೆ. ಹಲ್ಲಿನ ಡಾಕ್ಟರು ಅಡಿಗೆಮನೆಯೊಳಗೆ ಇಣುಕಿ, "ಇಷ್ಟ ಜಾಗಾದಾಗ ಎಷ್ಟು ಮಂದಿಗೆ ಅಡಿಗಿ ಆಗತಿತ್ರಿ?" ಎಂದು ಕೇಳಿದರು. ಆರು ಜನಕ್ಕೆ, ಅಜ್ಜಿಯೂ ಇದ್ದಳು ಎಂದೆ. ಅವರು ಇನ್ನೊಮ್ಮೆ ಬಗ್ಗಿ ನೋಡಿದರು. ಅಂದೇ ಸದಸ್ಯಳಾದೆ.

ಸೇರಿದ್ದು ಸರಿಯಾಯಿತೇ ಎಂದು ಗಂಡ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಮನೆಯಲ್ಲಿ ಒಬ್ಬಳೇ ಕೂತು ಮಾಡುವಾಗ ಇದ್ದ ಖುಷಿ ಈಗ ಹಾಗೇ ಇಲ್ಲ, ಅದು ನಿಜ. ಕತ್ತರಿ ಹಿಡಿದರೆ ಏಳು ಜನರ ಕಣ್ಣು ಬೆನ್ನ ಹಿಂದೆ ಇದ್ದಂತೆ ಅನಿಸುತ್ತದೆ. ಎರಡನೇ ಭಾನುವಾರದ ಬೆಳಿಗ್ಗೆ ನನಗೆ ಈಗಲೂ ತಿಂಡಿ ಸೇರುವುದಿಲ್ಲ. ಕೆಲವು ತಿಂಗಳು ತಪ್ಪಿಸಿಕೊಂಡದ್ದೂ ಉಂಟು. ಆದರೆ ಹೋದ ದಿನಗಳಲ್ಲಿ ವಾಪಸು ಬರುವಾಗ ತಮ್ಮನ ಮನೆಗೆ ಹೋಗುತ್ತೇನೆ. ಅವ್ವನಿಗೆ ಏನಾದರೊಂದು ಕೇಳಬೇಕಾಗಿರುತ್ತದೆ. ನೀರಿನ ಕಟ್ಟೆ ಯಾವ ಕಡೆ ಇತ್ತು, ಅಪ್ಪ ಸೈಕಲ್ಲು ಎಲ್ಲಿ ಒರಗಿಸುತ್ತಿದ್ದರು. ಹೋದ ಸಲ ಅವಳು ಚಾಪೆಯ ಮೇಲೆ ಬೆರಳಿಂದ ಗೆರೆ ಎಳೆದು, ಹಿತ್ತಲಿನಲ್ಲಿ ತಾನೊಂದು ಕರಿಬೇವಿನ ಗಿಡ ಹಚ್ಚಿದ್ದ ಜಾಗ ತೋರಿಸಿದಳು. ನನಗೆ ಅಂಥ ಗಿಡದ ನೆನಪೇ ಇಲ್ಲ. ಎಷ್ಟು ಎತ್ತರ ಇತ್ತು ಎಂದು ಕೇಳಿದೆ. ಅವಳು ಎದ್ದು ನಿಂತು, ಅಂಗೈಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದಳು.